‘ಎಂಟು’ ಹಾಕಿದ ಮೇಲೆ ಕಲಿಯಬೇಕಾದದ್ದು

ಮೋಟಾರ್ ಸೈಕಲ್ ಲೈಸೆನ್ಸಿಗೆ ಹೋಗಿ ಬಂದವರಿಗೆಲ್ಲ ‘ಎಂಟು’ ಗೊತ್ತು. ನೆಲದ ಮೇಲೆ ಎಂಟರ ಅಂಕಿಯಂತೆ ಗುರುತು ಮಾಡಿದ ಹಾದಿ. ಕಾಲು ನೆಲಕ್ಕೆ ಊರದೆ, ಗಾಡಿ ಬಂದ್ ಬೀಳದಂತೆ, ಗೆರೆ ದಾಟದಂತೆ ಅದರ ಮೇಲೆ ಸುತ್ತಿ ಬಂದರೆ ಇನ್‌ಸ್ಪೆಕ್ಟರರು ತಲೆಯಾಡಿಸುತ್ತಾರೆ. ನಡೆದು ಹೋಗುವ ಮನುಷ್ಯನಿಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ನಡೆಯುವ ಈ ಪರೀಕ್ಷೆ ಸವಾರನ ತೂಕ ಕಾಯುವ ಶಕ್ತಿಯನ್ನು ಚೆನ್ನಾಗಿಯೇ ಅಳೆಯುತ್ತದೆ. ಆದರೆ ಹೆದ್ದಾರಿಯಲ್ಲಿ ಯಾರೂ ನಡಿಗೆಯ ವೇಗದಲ್ಲಿ ಎಂಟು ಸುತ್ತುತ್ತ ಹೋಗಿ ಸತ್ತಿಲ್ಲ. ಸಾಯುವುದು ಬೇರೆ ರೀತಿಯಲ್ಲಿ. ಆ ರೀತಿಯ ಬಗ್ಗೆ ಪರೀಕ್ಷೆ ಏನನ್ನೂ ಕೇಳುವುದಿಲ್ಲ.

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನು ಈ ದೃಷ್ಟಿಯಿಂದ ನೋಡುವುದು ಉಪಯುಕ್ತ. ಇವುಗಳಲ್ಲಿ ನಿಪ್ಪಾಣಿ ಮತ್ತು ಕಾಗವಾಡಗಳು ಕ್ರಮವಾಗಿ ಚಿಕ್ಕೋಡಿ ಮತ್ತು ಅಥಣಿಯಿಂದ ಬೇರ್ಪಟ್ಟು ಇತ್ತೀಚಿನ ವರ್ಷಗಳಲ್ಲಷ್ಟೇ ತಾಲ್ಲೂಕುಗಳಾದವು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಕಬ್ಬು ಬೆಳೆಯುವ, ತಂಬಾಕಿನ ವ್ಯಾಪಾರದಿಂದ ಹೆಸರಾದ, ಹಾಲು ಮಾರುವ, ಚಪ್ಪಲಿ ಹೊಲಿಯುವ ನಾಡು ಇದು. ಇಲ್ಲಿ ಮೋಟಾರ್ ಸೈಕಲ್ ಶೋಕಿಯ ವಸ್ತುವಲ್ಲ. ಬೆಳಗಿನ ಹಾಲಿನ ಕ್ಯಾನು ಅದರ ಮೇಲೆಯೇ ಡೇರಿಗೆ ಹೋಗುತ್ತದೆ. ಮೇವಿನ ಹೊರೆ ಅದರ ಮೇಲೆಯೇ ಮನೆಗೆ ಬರುತ್ತದೆ. ಆಸ್ಪತ್ರೆಗೆಂದು ಮಿರಜಕ್ಕೋ ಕೊಲ್ಲಾಪುರಕ್ಕೋ ಹೋಗುವ ಮುದುಕಿ ಮಗನ ಹಿಂದೆ ‘ಡಬಲ್ ಸೀಟ್’ ಕುಳಿತು ಹೋಗುತ್ತಾಳೆ. ಕೆಎ 23 ಎಂಬ ಚಿಕ್ಕೋಡಿಯ ನೋಂದಣಿ ಸಂಖ್ಯೆ ಹೊತ್ತ ಗಾಡಿಗಳನ್ನು ಗಡಿಯಾಚೆಯ ಊರುಗಳಲ್ಲಿ ಯಾವ ದಿನವಾದರೂ ನೋಡಬಹುದು.

ಇಷ್ಟೊಂದು ಗಾಡಿಗಳನ್ನು ಓಡಿಸುವವರು ಅದನ್ನು ಕಲಿತದ್ದು ಯಾರಿಂದ? ಅಣ್ಣನಿಂದ, ಸೋದರಮಾವನಿಂದ, ಇಲ್ಲವೆ ಗೆಳೆಯನಿಂದ. ಊರ ಹೊರಗಿನ ಬಯಲಿನಲ್ಲಿ ಒಂದು ಸಂಜೆ ಕ್ಲಚ್ಚು, ಗೇರು, ಎಕ್ಸಲೇಟರು ಇಷ್ಟನ್ನು ಹೇಳಿಕೊಟ್ಟರೆ ಗುರುವಿನ ಕೆಲಸ ಮುಗಿಯಿತು. ಪೇಟೆಗಳಲ್ಲಿ ಮೋಟಾರ್ ಡ್ರೈವಿಂಗ್ ಸ್ಕೂಲುಗಳಿಲ್ಲವೆಂದಲ್ಲ. ಆದರೆ ಅವು ಮುಖ್ಯವಾಗಿ ಕಾರು ಕಲಿಯುವವರಿಗೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಡ್ರೈವಿಂಗ್ ಸ್ಕೂಲಿಗೆ ಪಠ್ಯಕ್ರಮವನ್ನು ಗೊತ್ತು ಮಾಡಿವೆ, ನಿಜ. ಆದರೆ ಸ್ವಂತ ಬಳಕೆಯ ಮೋಟಾರ್ ಸೈಕಲ್ ಲೈಸೆನ್ಸ್ ಬಯಸುವವನು ಸ್ಕೂಲಿನ ಮೆಟ್ಟಿಲು ಹತ್ತಲೇಬೇಕೆಂಬ ಕಡ್ಡಾಯವಿಲ್ಲ. ಅದೇ ನಿಯಮಗಳಲ್ಲಿ ಇನ್ನೊಂದು ಸಾಲಿದೆ: ಸ್ಕೂಲಿನ ವಾಹನಗಳಿಗೆ ಕಲಿಸುವವನ ಕಾಲಿಗೂ ಸಿಗುವಂತೆ ಎರಡನೆಯ ಬ್ರೇಕು ಇರಬೇಕು, ಮೋಟಾರ್ ಸೈಕಲ್ ಒಂದನ್ನು ಬಿಟ್ಟು. ಬಿಡಲೇಬೇಕು, ಏಕೆಂದರೆ ಅದರಲ್ಲಿ ಗುರುವಿಗೆ ಜಾಗವಿಲ್ಲ. ಕಾರು ಕಲಿಯುವವನು ತಪ್ಪಿದರೆ ಪಕ್ಕದಲ್ಲಿರುವವನು ಬ್ರೇಕ್ ಒತ್ತಬಹುದು. ಮೋಟಾರ್ ಸೈಕಲ್ ಕಲಿಯುವವನು ಮೊದಲ ದಿನದಿಂದಲೇ ಒಬ್ಬಂಟಿ.

ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದೇ ನಿಯಮಾವಳಿಯ 15ನೇ ನಿಯಮದಲ್ಲಿ ಅಭ್ಯರ್ಥಿ ಮಾಡಿ ತೋರಿಸಬೇಕಾದ ಕೆಲಸಗಳ ಉದ್ದನೆಯ ಪಟ್ಟಿಯಿದೆ. ತುರ್ತಿನಲ್ಲಿ ವಾಹನ ನಿಲ್ಲಿಸುವುದೂ ಅದರಲ್ಲಿ ಸೇರಿದೆ. ಕಾನೂನು ಬರೆದವರು ಮರೆತಿರಲಿಲ್ಲ. ರೂಢಿಯಲ್ಲಿ ಎಂಟು ಉಳಿದು ತುರ್ತು ನಿಲುಗಡೆ ಜಾರಿಹೋಗಿದೆ.

ಎರಡು ಸೆಕೆಂಡಿನ ಲೆಕ್ಕ

ಮೋಟಾರ್ ಸೈಕಲ್ ಅಪಘಾತ ಹೇಗೆ ಆಗುತ್ತದೆ ಎಂಬುದನ್ನು ಮೊದಲ ಬಾರಿಗೆ ಕೂಲಂಕಷವಾಗಿ ನೋಡಿದವರಲ್ಲಿ ಅಮೆರಿಕದ ಹ್ಯಾರಿ ಹರ್ಟ್ ಪ್ರಮುಖರು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಈ ಸಂಶೋಧಕರು ತಮ್ಮ ತಂಡದೊಂದಿಗೆ ಲಾಸ್ ಏಂಜಲೀಸ್ ಪ್ರದೇಶದ 900 ಅಪಘಾತಗಳ ಸ್ಥಳಕ್ಕೇ ಹೋಗಿ, ಟೈರಿನ ಗುರುತು ಅಳೆದು, ಗಾಯಗೊಂಡವರನ್ನೂ ನೋಡಿದವರನ್ನೂ ವಿಚಾರಿಸಿ ವರದಿ ಸಿದ್ಧಪಡಿಸಿದರು. 1981ರಲ್ಲಿ ಪ್ರಕಟವಾದ ಆ ವರದಿ ಇಂದಿಗೂ ಈ ವಿಷಯದ ಮೂಲಗ್ರಂಥದಂತಿದೆ.

ಅದರ ಕೆಲವು ಮಾತುಗಳನ್ನು ಕೇಳಿದರೆ ರಾಯಬಾಗದ ರಸ್ತೆಯನ್ನು ನೋಡಿ ಬರೆದಂತೆ ಅನಿಸುತ್ತದೆ. ಅಪಘಾತಕ್ಕೀಡಾದ ಸವಾರರಲ್ಲಿ ಶೇ. 92ರಷ್ಟು ಮಂದಿ ತಾವೇ ಕಲಿತವರು, ಇಲ್ಲವೆ ಮನೆಯವರಿಂದ, ಗೆಳೆಯರಿಂದ ಕಲಿತವರು. ಅಪಾಯ ಕಣ್ಣಿಗೆ ಬಿದ್ದ ಗಳಿಗೆಯಿಂದ ಡಿಕ್ಕಿಯ ತನಕ ಸವಾರನಿಗೆ ಸಿಕ್ಕ ಕಾಲಾವಕಾಶ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ಕಡಿಮೆ. ಅಪಾಯ ಎದುರಾಗುವ ಮುಂಚಿನ ಮಧ್ಯಮ ವೇಗ ಗಂಟೆಗೆ ಸುಮಾರು 48 ಕಿ.ಮೀ. ಮಾತ್ರ, ನಾವು ಊಹಿಸುವಂತೆ ಹುಚ್ಚು ವೇಗವೇನಲ್ಲ. ಆ ಎರಡು ಸೆಕೆಂಡಿನಲ್ಲಿ ಸವಾರರು ಮಾಡಿದ್ದೇನು? ಹೆಚ್ಚಿನವರು ಹಿಂದಿನ ಬ್ರೇಕನ್ನು ಪೂರ್ತಿ ತುಳಿದು ಚಕ್ರ ಜಾರಿಸಿದರು, ಮುಂದಿನ ಬ್ರೇಕನ್ನು ಸಾಕಷ್ಟು ಬಳಸಲಿಲ್ಲ. ಪಕ್ಕಕ್ಕೆ ಸರಕ್ಕನೆ ಹೊರಳಿಸಿ ತಪ್ಪಿಸಿಕೊಳ್ಳುವ ಕೌಶಲ ಬಹುತೇಕ ಯಾರಲ್ಲಿಯೂ ಕಾಣಲಿಲ್ಲ.

ಮುಂದಿನ ಬ್ರೇಕಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಗಾಡಿ ಕಲಿಸುವ ಪ್ರತಿಯೊಬ್ಬ ಅಣ್ಣನೂ ಹೇಳುವ ಮಾತು ಇದು: ‘ಮುಂದಿನ ಬ್ರೇಕ್ ಹಿಡೀಬ್ಯಾಡೋ, ಪಲ್ಟಿ ಹೊಡೀತಿ.’ ಈ ಉಪದೇಶ ಎಲ್ಲಿಂದ ಬಂತೆಂದು ಯೋಚಿಸಿದರೆ ಅದರ ಹಿಂದೆ ಒಂದು ಚರಿತ್ರೆ ಕಾಣುತ್ತದೆ. ಇಲ್ಲಿನ ಎರಡು ಮೂರು ತಲೆಮಾರು ಮೋಟಾರ್ ಸೈಕಲ್ಲಿಗೆ ಬಂದದ್ದು ಸೈಕಲ್ಲಿನ ಮೂಲಕ. ಕಲ್ಲು-ಮಣ್ಣಿನ ಹಾದಿಯಲ್ಲಿ ಎತ್ತರದ ಸೈಕಲ್ಲಿನ ಮುಂದಿನ ಬ್ರೇಕ್ ಹಿಡಿದವನು ಹ್ಯಾಂಡಲಿನ ಮೇಲಿಂದ ಹಾರಿ ಬೀಳುವುದು ಕಂಡ ಅನುಭವ. ಆ ಕಾಲಕ್ಕೆ ಆ ಮಾತು ಸರಿಯಾದ ಬುದ್ಧಿವಾದವೇ ಆಗಿತ್ತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು, ರಾಜದೂತ, ಬುಲೆಟ್ಟುಗಳು ಉಳ್ಳವರ ಮನೆಯಲ್ಲಿದ್ದವು. 1985ರಲ್ಲಿ ಹೀರೊ ಹೋಂಡಾ ಸಿ.ಡಿ. 100 ಬಂದ ಮೇಲೆ ಕಡಿಮೆ ಪೆಟ್ರೋಲ್ ಕುಡಿಯುವ ಗಾಡಿ ಸಾಮಾನ್ಯ ರೈತನ ಅಂಗಳಕ್ಕೂ ಬಂತು. ಗಾಡಿ ಬದಲಾಯಿತು, ರಸ್ತೆ ಡಾಂಬರಾಯಿತು, ವೇಗ ಮೂರು ಪಟ್ಟು ಏರಿತು. ಉಪದೇಶ ಮಾತ್ರ ಸೈಕಲ್ಲಿನದೇ ಉಳಿಯಿತು.

ಗಾಡಿ ನಿಧಾನಿಸತೊಡಗಿದ ಕೂಡಲೇ ಸವಾರನ, ಎಂಜಿನಿನ ತೂಕವೆಲ್ಲ ಮುಂದಿನ ಚಕ್ರದ ಮೇಲೆ ವಾಲುತ್ತದೆ. ಮುಂದಿನ ಟೈರು ನೆಲಕ್ಕೆ ಒತ್ತಿಕೊಂಡು ಅದರ ಹಿಡಿತ ಹೆಚ್ಚುತ್ತದೆ; ಹಿಂದಿನ ಚಕ್ರ ಹಗುರವಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹೀಗಾಗಿ ನಿಲ್ಲಿಸುವ ಶಕ್ತಿಯ ಬಹುಪಾಲು ಇರುವುದು ಮುಂದೆ. ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಅಪಾಯ ಕಂಡು ಕೈ-ಕಾಲು ಚಲಿಸಲು ಒಂದು ಸೆಕೆಂಡು ಹಿಡಿದರೆ, ಬ್ರೇಕು ತಾಗುವ ಮೊದಲೇ 17 ಮೀಟರು ಹೋಯಿತು. ಆ ಮೇಲೆ ಒಣ ಡಾಂಬರಿನ ಮೇಲೆ ಎರಡೂ ಬ್ರೇಕನ್ನು ಪಳಗಿದ ಕೈಯಿಂದ ಬಳಸಿದವನು ಇನ್ನು ಸುಮಾರು 20 ಮೀಟರಿನಲ್ಲಿ ನಿಲ್ಲಬಲ್ಲ. ಹಿಂದಿನದನ್ನು ಮಾತ್ರ ತುಳಿದವನಿಗೆ ಸುಮಾರು 40 ಮೀಟರು ಬೇಕು. ಮೊದಲನೆಯವನು ನಿಂತ ಜಾಗವನ್ನು ಎರಡನೆಯವನು ದಾಟುವಾಗ ಅವನ ವೇಗ ಇನ್ನೂ 42 ಕಿ.ಮೀ. ಇರುತ್ತದೆ. ಬದುಕು-ಸಾವಿನ ಅಂತರ ಎಂದು ನಾವು ಸುಮ್ಮನೆ ಆಡುವ ಮಾತಿಗೆ ಇಲ್ಲಿ ಅಂಕಿಯ ರೂಪ ಸಿಕ್ಕಿದೆ.

ಆದರೆ ‘ಮುಂದಿನ ಬ್ರೇಕ್ ಹಿಡಿ’ ಎಂದು ಬಾಯಿಮಾತಿನಲ್ಲಿ ಹೇಳಿಬಿಟ್ಟರೆ ಅನಾಹುತವಾದೀತು. ಗಾಬರಿಯಿಂದ ಒಮ್ಮೆಲೇ ಜಗ್ಗಿದರೆ ಮುಂದಿನ ಚಕ್ರ ಕಚ್ಚಿಕೊಂಡು ಗಾಡಿ ಮಲಗಿಬಿಡುತ್ತದೆ. ನಿಂಬೆಹಣ್ಣು ಹಿಂಡಿದಂತೆ ಮೊದಲು ಮೆಲ್ಲಗೆ, ತೂಕ ಮುಂದಕ್ಕೆ ಬಂದ ಮೇಲೆ ಗಟ್ಟಿಯಾಗಿ ಒತ್ತಬೇಕು. ಮಣ್ಣು, ಜಲ್ಲಿ ಇದ್ದಲ್ಲಿ, ತಿರುವಿನಲ್ಲಿ ಹಾಗೆ ಮಾಡಬಾರದು. ಇದನ್ನು ಓದಿ ಕಲಿಯಲಾಗದು. ಕೈಗೆ ಅಭ್ಯಾಸವಾಗಬೇಕು, ಹತ್ತಿಪ್ಪತ್ತು ಸಲ ಬಯಲಿನಲ್ಲಿ ಮಾಡಿ, ನೋಡುವವನೊಬ್ಬ ತಿದ್ದಬೇಕು. ಏಪ್ರಿಲ್ 2019ರಿಂದ ನಮ್ಮ ದೇಶದಲ್ಲಿ ಮಾರಾಟವಾಗುವ 125 ಸಿ.ಸಿ.ಗಿಂತ ದೊಡ್ಡ ಗಾಡಿಗಳಿಗೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯನ್ನೂ, ಅದಕ್ಕಿಂತ ಚಿಕ್ಕವುಗಳಿಗೆ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ತಾಗುವ ಜೋಡಿ ಬ್ರೇಕನ್ನೂ ಕಡ್ಡಾಯ ಮಾಡಲಾಗಿದೆ. ಒಳ್ಳೆಯದೇ ಆಯಿತು. ಆದರೂ ಹಳ್ಳಿಗಳಲ್ಲಿ ಅದಕ್ಕಿಂತ ಹಳೆಯ ಗಾಡಿಗಳು ಇನ್ನೂ ಬೇಕಾದಷ್ಟು ಓಡುತ್ತಿವೆ.

ಕಬ್ಬಿನ ಹಂಗಾಮಿನ ರಾತ್ರಿ

ಈ ಐದು ತಾಲ್ಲೂಕುಗಳ ರಸ್ತೆಗಳಿಗೆ ತಮ್ಮದೇ ಸ್ವಭಾವವಿದೆ. ನಿಪ್ಪಾಣಿಯ ಮಗ್ಗುಲಲ್ಲಿ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿ, ಸ್ತವನಿಧಿ ಘಾಟಿನ ಇಳಿಜಾರು, ದೂರದ ತಿರುವಿಗೆ ಹೋಗುವ ಬೇಸರಕ್ಕೆ ಎದುರು ದಿಕ್ಕಿನಲ್ಲೇ ಗಾಡಿ ನುಗ್ಗಿಸುವ ಸ್ಥಳೀಯರು ಒಂದು ಕಡೆ. ನಿಪ್ಪಾಣಿಯಿಂದ ಚಿಕ್ಕೋಡಿ, ಕಬ್ಬೂರು ಮಾರ್ಗವಾಗಿ ಮುಧೋಳಕ್ಕೆ ಹೋಗುವ ರಾಜ್ಯ ಹೆದ್ದಾರಿ, ಮಿರಜದಿಂದ ಕಾಗವಾಡ, ಅಥಣಿ ದಾಟಿ ವಿಜಯಪುರದತ್ತ ಸಾಗುವ ರಸ್ತೆ ಇನ್ನೊಂದು ಕಡೆ. ಮಳೆಗಾಲದಲ್ಲಿ ಕಲ್ಲೋಳ-ಯಡೂರ, ಕಾರದಗಾ-ಭೋಜ, ಅಕ್ಕೋಳ-ಸಿದ್ನಾಳ, ಮಲಿಕವಾಡ-ದತ್ತವಾಡ ಮುಂತಾದ ಕೆಳಮಟ್ಟದ ಸೇತುವೆಗಳು ನೀರಿನಡಿ ಹೋಗುತ್ತವೆ. ನೀರು ಇಳಿದ ಮೇಲೆ ಉಳಿಯುವ ಕೆಸರಿನ ಪದರ ಎಣ್ಣೆ ಸುರಿದಂತೆ ಜಾರುತ್ತದೆ. ಬೇಸಿಗೆಯಲ್ಲಿ ಜಾತ್ರೆ, ಎತ್ತಿನ ಗಾಡಿಯ ಶರ್ಯತ್ತು. ಓಡುವ ಎತ್ತುಗಳ ಹಿಂದೆ ಕೂಗು ಹಾಕುತ್ತ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಬೆನ್ನಟ್ಟುವ ಮೋಟಾರ್ ಸೈಕಲ್ಲುಗಳ ಹಿಂಡು. ಎತ್ತುಗಳಿಗಿಂತ ಆ ಹಿಂಡನ್ನು ನೋಡಿದರೇ ಹೆಚ್ಚು ಭಯವಾಗುತ್ತದೆ.

ಆದರೆ ಇಲ್ಲಿಯ ವಿಶೇಷ ಅಪಾಯವೆಂದರೆ ಕಬ್ಬಿನ ಹಂಗಾಮು. 1939ರಲ್ಲಿ ಉಗಾರ ಖುರ್ದದಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಯಿಂದ ಮೊದಲ್ಗೊಂಡು ಈ ಭಾಗದಲ್ಲಿ ಸಹಕಾರಿ, ಖಾಸಗಿ ಕಾರ್ಖಾನೆಗಳು ಸಾಲುಗಟ್ಟಿವೆ. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಅರೆಯುವುದು ಆರಂಭವಾದರೆ ಮಾರ್ಚ್-ಏಪ್ರಿಲ್‌ವರೆಗೆ ಹಗಲೂ ರಾತ್ರಿ ಟ್ರ್ಯಾಕ್ಟರುಗಳ ಸಾಲು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು. ಹಿಂದಿನ ದೀಪ ಇದ್ದರೂ ಜೋತುಬಿದ್ದ ಕಬ್ಬಿನ ತುದಿಗಳು ಅದನ್ನು ಮುಚ್ಚಿರುತ್ತವೆ. ಪ್ರತಿಫಲಿಸುವ ಪಟ್ಟಿ ಇರಲೇಬೇಕೆಂಬ ನಿಯಮವಿದೆ. ಹಂಗಾಮಿನ ಧೂಳು, ರವದಿಯ ನಡುವೆ ಆ ಪಟ್ಟಿ ಎಷ್ಟು ದಿನ ಹೊಳೆದೀತು? ಟಯರು ಪಂಕ್ಚರಾಗಿ ಟ್ರೇಲರು ಡಾಂಬರಿನ ಮೇಲೆಯೇ ನಿಂತರೆ ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಅದು ಹೋದ ಮೇಲೂ ಕಲ್ಲು ಅಲ್ಲಿಯೇ ಉಳಿಯುತ್ತದೆ.

ಡಿಪ್ ಮಾಡಿದ ಹಳೆಯ ಹೆಡ್‌ಲೈಟಿನ ಬೆಳಕು ಬಹಳವೆಂದರೆ 30-40 ಮೀಟರು ಮುಂದಿನದನ್ನು ತೋರಿಸೀತು. 60ರ ವೇಗದಲ್ಲಿ ಬರುವ ಸವಾರನಿಗೆ ನಿಂತ ಟ್ರೇಲರು 35 ಮೀಟರು ದೂರದಲ್ಲಿ ಕಂಡರೆ ಉಳಿದ ಕಾಲ ಎರಡು ಸೆಕೆಂಡು. ಮತ್ತೆ ಅದೇ ಎರಡು ಸೆಕೆಂಡು. ಮೇಲಿನ ಲೆಕ್ಕವನ್ನು ನೆನಪಿಸಿಕೊಂಡರೆ, ಪಳಗಿದ ಕೈಗೂ 37 ಮೀಟರು ಬೇಕು. ಅಂದರೆ ಆ ವೇಗದಲ್ಲಿ ಬ್ರೇಕು ಯಾರನ್ನೂ ಉಳಿಸುವುದಿಲ್ಲ. ಕಲಿಯಬೇಕಾದದ್ದು ಬ್ರೇಕಿಗಿಂತ ಮೊದಲಿನ ಪಾಠ: ನನ್ನ ಬೆಳಕು ಮುಟ್ಟುವಷ್ಟು ದೂರದೊಳಗೆ ನಿಲ್ಲಲಾಗದ ವೇಗದಲ್ಲಿ ಹೋಗುವುದೆಂದರೆ ಕಣ್ಣು ಮುಚ್ಚಿಕೊಂಡು ಹೋದಂತೆ. ಇಂಥ ದೀಪದ ಗಾಡಿಗೆ ರಾತ್ರಿಯ ವೇಗ 40-45 ಕಿ.ಮೀ. ದಾಟಬಾರದು. ಇದನ್ನು ಮುಂದುವರಿದ ತರಬೇತಿ ಎನ್ನಬಹುದೋ ಎಂದು ಯಾರಾದರೂ ನಗಬಹುದು. ನಿಜವಾಗಿ ಮುಂದುವರಿದ ತರಬೇತಿಯ ಸಾರವೇ ಇದು.

ಇನ್ನೆರಡು ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಒಂದು, ಕಣ್ಣು. ಗಾಬರಿಯಾದಾಗ ಮನುಷ್ಯ ಯಾವುದಕ್ಕೆ ಹೆದರುತ್ತಾನೋ ಅದನ್ನೇ ದಿಟ್ಟಿಸುತ್ತಾನೆ. ಗಾಡಿ ಕಣ್ಣು ನೆಟ್ಟಲ್ಲಿಗೇ ಹೋಗುತ್ತದೆ. ತಗ್ಗನ್ನು ನೋಡಿದವನು ತಗ್ಗಿಗೇ ಬೀಳುತ್ತಾನೆ. ತಪ್ಪಿಸಿಕೊಳ್ಳುವ ಜಾಗವನ್ನು ನೋಡಲು ಅಭ್ಯಾಸ ಬೇಕು. ಎರಡು, ಹೊರಳುವ ಬಗೆ. ಗಾಡಿ ಓಡುತ್ತಿರುವಾಗ ಎಡಕ್ಕೆ ಸರಿಯಬೇಕಾದರೆ ಎಡಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು. ಕ್ಷಣಮಾತ್ರ ಚಕ್ರ ಬಲಕ್ಕೆ ತಿರುಗಿ, ಗಾಡಿ ಎಡಕ್ಕೆ ವಾಲಿ, ಎಡಕ್ಕೆ ಹೋಗುತ್ತದೆ. ಸೈಕಲ್ ಹೊಡೆಯುವ ಪ್ರತಿ ಹುಡುಗನೂ ತನಗೆ ತಿಳಿಯದೆಯೇ ಇದನ್ನು ಮಾಡುತ್ತಾನೆ. ಆದರೆ ತುರ್ತಿನಲ್ಲಿ, ಬೇಕೆಂದೇ ಮಾಡಲು ಗೊತ್ತಿರಬೇಕು. ಇಲ್ಲವಾದರೆ ಗಾಬರಿಯ ಕೈ ಹ್ಯಾಂಡಲನ್ನು ತಪ್ಪು ಕಡೆಗೆ ಎಳೆಯುತ್ತದೆ.

ಪಾಠ ಎಲ್ಲಿ ಸಿಗುತ್ತದೆ?

ಲೈಸೆನ್ಸ್ ಇದ್ದವರಿಗೂ ಮತ್ತೆ ಕಲಿಸಬೇಕೆಂಬ ವಿಚಾರ ಹೊಸದಲ್ಲ. 1930ರ ದಶಕದಲ್ಲಿ ಲಂಡನ್ ಪೊಲೀಸರ ವಾಹನಗಳ ಅಪಘಾತ ಹೆಚ್ಚಾದಾಗ ಹೆಂಡನ್ ಎಂಬಲ್ಲಿ ಚಾಲನಾ ಶಾಲೆ ತೆರೆದರು. ಮುಂದಿರುವುದನ್ನು ಗಮನಿಸು, ಏನಾಗಬಹುದೆಂದು ಊಹಿಸು, ಆ ಮೇಲೆ ಜಾಗ, ವೇಗ, ಗೇರು ಆರಿಸಿಕೊ ಎಂಬ ಕ್ರಮ ಅಲ್ಲಿ ರೂಪುಗೊಂಡು ಮುಂದೆ ಸಾಮಾನ್ಯ ಸವಾರರಿಗೂ ಇಳಿದು ಬಂತು. ಜಪಾನಿನ ಹೋಂಡಾ ಕಂಪನಿ 1970ರಲ್ಲಿ ಸುರಕ್ಷಿತ ಚಾಲನೆಗೆಂದೇ ಪ್ರತ್ಯೇಕ ವಿಭಾಗ ಆರಂಭಿಸಿತು. ಅಮೆರಿಕದಲ್ಲಿ 1973ರಲ್ಲಿ ಮೋಟಾರ್ ಸೈಕಲ್ ಸೇಫ್ಟಿ ಫೌಂಡೇಶನ್ ಹುಟ್ಟಿತು; ಅದರ ಪಾಠ ನಡೆಯುವುದು ರೇಸ್ ಪಥದ ಮೇಲಲ್ಲ, ಖಾಲಿ ಬಿದ್ದ ಕಾರು ನಿಲುಗಡೆಯ ಅಂಗಳದಲ್ಲಿ, ಪ್ಲಾಸ್ಟಿಕ್ ಶಂಕುಗಳ ನಡುವೆ, ಚಿಕ್ಕ ಗಾಡಿಗಳ ಮೇಲೆ. ಬ್ರಿಟನ್ ಡಿಸೆಂಬರ್ 1990ರಿಂದ ರಸ್ತೆಗೆ ಇಳಿಯುವ ಮೊದಲೇ ಹೊಸ ಸವಾರನಿಗೆ ಮೂಲ ತರಬೇತಿಯನ್ನು ಕಡ್ಡಾಯಗೊಳಿಸಿತು.

ನಮ್ಮಲ್ಲಿ? ಅಮೆರಿಕದ ಕೀತ್ ಕೋಡ್ 1980ರಲ್ಲಿ ಆರಂಭಿಸಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ 2010ರಿಂದ ಚೆನ್ನೈ ಬಳಿಯ ರೇಸ್ ಪಥದಲ್ಲಿ ಶಿಬಿರ ನಡೆಸಿದೆ. ಬೆಂಗಳೂರು, ಕೊಯಮತ್ತೂರುಗಳಲ್ಲಿಯೂ ಆಸಕ್ತರು ಇಂಥ ಶಿಬಿರ ನಡೆಸುತ್ತಾರೆ. ಕೊಲ್ಲಾಪುರದ ಬಳಿ ಗೋ-ಕಾರ್ಟ್ ಪಥವೊಂದಿದೆ. ನಿಪ್ಪಾಣಿಯವರಿಗೆ ಅದು ನೆರೆಮನೆಯಷ್ಟೇ ಹತ್ತಿರ. ಈ ಶಿಬಿರಗಳ ಗುಣಮಟ್ಟದ ಬಗ್ಗೆ ತಕರಾರಿಲ್ಲ. ಆದರೆ ಅವುಗಳ ಬಾಗಿಲಿನ ಅಗಲವನ್ನು ನೋಡಬೇಕು. ಚೆನ್ನೈ ಚಿಕ್ಕೋಡಿಯಿಂದ ಸುಮಾರು 900 ಕಿ.ಮೀ. ದೂರ. ಶುಲ್ಕ ಹತ್ತಾರು ಸಾವಿರ ರೂಪಾಯಿ. ಚರ್ಮದ ಇಡೀ ಉಡುಪು, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ದೊಡ್ಡ ಎಂಜಿನಿನ ಗಾಡಿ ಬೇಕು. ಪಾಠ ನಡೆಯುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಹಾಲಿನ ಕ್ಯಾನು ಕಟ್ಟಿದ 100 ಸಿ.ಸಿ. ಗಾಡಿಯವನು ಆ ಬಾಗಿಲಲ್ಲಿ ಹೇಗೆ ತೂರಬೇಕು? ಒಟ್ಟಿನಲ್ಲಿ, ವಾರಕ್ಕೊಮ್ಮೆ ಹವ್ಯಾಸಕ್ಕೆ ಗಾಡಿ ತೆಗೆಯುವವನಿಗೆ ಪಾಠ ಸಿಗುತ್ತದೆ. ದಿನಕ್ಕೆ ನಾಲ್ಕು ಸಲ ಹೊಟ್ಟೆಪಾಡಿಗೆ ತೆಗೆಯುವವನಿಗೆ ಸಿಗುವುದಿಲ್ಲ.

ಕೇಂದ್ರ ಸರಕಾರದ ಅಂಕಿಸಂಖ್ಯೆಗಳು ಹೇಳುವುದು ಇದಕ್ಕೆ ತದ್ವಿರುದ್ಧವಾದ ಅಗತ್ಯವನ್ನು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ. 44.5ರಷ್ಟು, ಅಂದರೆ ಸುಮಾರು 75 ಸಾವಿರ ಮಂದಿ, ಎರಡು ಚಕ್ರದ ವಾಹನದಲ್ಲಿದ್ದವರು. ಒಟ್ಟು ಸಾವುಗಳಲ್ಲಿ ಮೂರನೆಯ ಎರಡು ಪಾಲು ಆದದ್ದು ಗ್ರಾಮೀಣ ಪ್ರದೇಶದಲ್ಲಿ. ಅದೇ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50 ಸಾವಿರ; ಅವರಲ್ಲಿ 14 ಸಾವಿರಕ್ಕೂ ಹೆಚ್ಚು ಮಂದಿ ಹಿಂದೆ ಕುಳಿತವರು. ಕರ್ನಾಟಕದಲ್ಲಿ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಈ ಭಾಗದಲ್ಲಿ ಡಬಲ್ ಸೀಟ್ ಕುಳಿತವರ ತಲೆಯ ಮೇಲೆ ಅದನ್ನು ಹುಡುಕಿ ನೋಡಬೇಕು.

ಕಲಿತವನ ಧೈರ್ಯ

ಇಲ್ಲಿ ಒಂದು ಅಡ್ಡಪ್ರಶ್ನೆಯನ್ನು ಎದುರಿಸದೆ ಮುಂದೆ ಹೋಗುವುದು ಸರಿಯಲ್ಲ. ತರಬೇತಿ ಕೊಟ್ಟರೆ ಅಪಘಾತ ಕಡಿಮೆಯಾಗುತ್ತದೆಂದು ಸಾಬೀತಾಗಿದೆಯೇ? ನಾವು ಅಂದುಕೊಂಡಷ್ಟು ಸ್ಪಷ್ಟವಾಗಿ ಆಗಿಲ್ಲ. ನಾರ್ವೆ ದೇಶದಲ್ಲಿ ಹೊಸ ಕಾರು ಚಾಲಕರಿಗೆ ಜಾರುವ ರಸ್ತೆಯಲ್ಲಿ ಗಾಡಿ ಹಿಡಿತಕ್ಕೆ ತರುವುದನ್ನು ಕಡ್ಡಾಯವಾಗಿ ಕಲಿಸಿದರು. 1988ರಲ್ಲಿ ಹೊರಬಂದ ಅಧ್ಯಯನ ನೋಡಿದರೆ ಜಾರುವ ರಸ್ತೆಯಲ್ಲಿ ತರುಣರ ಅಪಘಾತ ಇಳಿಯುವ ಬದಲು ಏರಿತ್ತು. ಕಲಿತೆವೆಂಬ ಧೈರ್ಯ ಕಲಿತ ವಿದ್ಯೆಗಿಂತ ದೊಡ್ಡದಾಗಿತ್ತು. ಮೋಟಾರ್ ಸೈಕಲ್ ತರಬೇತಿಯ ಕುರಿತು ಜಗತ್ತಿನಾದ್ಯಂತ ನಡೆದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವರದಿ (2010) ಕೂಡ, ಯಾವ ಬಗೆಯ ತರಬೇತಿ ಫಲ ಕೊಡುತ್ತದೆಂದು ಹೇಳುವಷ್ಟು ಗಟ್ಟಿ ಪುರಾವೆ ಇಲ್ಲವೆಂದೇ ಹೇಳಿತು.

ಇದರಿಂದ ತರಬೇತಿ ಬೇಡ ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಯಾವುದನ್ನು ಕಲಿಸಬೇಕೆಂಬುದರಲ್ಲಿ ಎಚ್ಚರ ಬೇಕು, ಅಷ್ಟೆ. ಮೊಣಕಾಲು ನೆಲಕ್ಕೆ ತಾಗುವಂತೆ ತಿರುವು ತೆಗೆಯುವುದನ್ನು ಹತ್ತೊಂಬತ್ತರ ಹುಡುಗನಿಗೆ ಕಲಿಸಿದರೆ ಅವನು ಅದನ್ನು ಸ್ತವನಿಧಿ ಘಾಟಿನಲ್ಲಿ ಪ್ರಯೋಗಿಸದೆ ಬಿಡುವುದಿಲ್ಲ. ಬದಲಿಗೆ, ಬಯಲಿನಲ್ಲಿ 40ರ ವೇಗದಿಂದಲೂ 60ರ ವೇಗದಿಂದಲೂ ಅವನನ್ನು ನಿಲ್ಲಿಸಲು ಹೇಳಿ, ಟೇಪು ಹಿಡಿದು ಎರಡೂ ಅಂತರವನ್ನು ಅವನ ಕಣ್ಣೆದುರೇ ಅಳೆಯಬೇಕು. ತಾನು ಅಂದುಕೊಂಡಲ್ಲಿ ತನ್ನ ಗಾಡಿ ನಿಲ್ಲುವುದಿಲ್ಲ ಎಂಬುದನ್ನು ತಾನೇ ಕಂಡ ಹುಡುಗನ ಧೈರ್ಯ ಹೆಚ್ಚುವುದಕ್ಕಿಂತ ತಗ್ಗುವ ಸಂಭವವೇ ಹೆಚ್ಚು. ಹಿಂದೆ ಒಬ್ಬರನ್ನು ಕೂರಿಸಿಕೊಂಡೂ, ಎರಡು ಕ್ಯಾನು ನೀರು ಕಟ್ಟಿಕೊಂಡೂ ಇದನ್ನೇ ಮಾಡಿಸಬೇಕು. ವಿದೇಶದ ಯಾವ ಪಠ್ಯದಲ್ಲೂ ಹಾಲಿನ ಕ್ಯಾನಿನ ಅಧ್ಯಾಯ ಇರಲಾರದು. ಅದನ್ನು ಇಲ್ಲಿಯೇ ಬರೆಯಬೇಕು.

ಜಾಗದ ಮಾತು ಬಂದರೆ ಈ ಐದು ತಾಲ್ಲೂಕುಗಳಿಗೆ ಬಡತನವಿಲ್ಲ. ಹಂಗಾಮಿನಲ್ಲಿ ನೂರಾರು ಟ್ರ್ಯಾಕ್ಟರು ನಿಲ್ಲುವ ಸಕ್ಕರೆ ಕಾರ್ಖಾನೆಗಳ ಅಂಗಳಗಳು ಮೇ ತಿಂಗಳಿನಿಂದ ದಸರೆಯವರೆಗೆ ಖಾಲಿ. ನಿಪ್ಪಾಣಿಯಂಥ ಊರಿನ ಕೃಷಿ ಮಾರುಕಟ್ಟೆಯ ಪ್ರಾಂಗಣವೂ ವಾರದ ಕೆಲವು ದಿನ ಬಿಡುವಾಗಿರುತ್ತದೆ. 2021ರಲ್ಲಿ ಕೇಂದ್ರ ಸರಕಾರ ತಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮವು ಹಗುರ ವಾಹನಗಳ ಕೇಂದ್ರಕ್ಕೆ ಒಂದು ಎಕರೆ ಜಾಗ ಕೇಳಿತು. ಕಾರ್ಖಾನೆಯ ಅಂಗಳದ ಒಂದು ಮೂಲೆಯಲ್ಲಿ ಅದು ಮುಗಿದುಹೋಗುತ್ತದೆ. ಆದರೆ ಕಾಯಂ ಕೇಂದ್ರಕ್ಕೆ ಕಟ್ಟಡ, ಯಂತ್ರ ಎಂದು ಹಣ ಬೇಕು. ಅದು ಬರುವವರೆಗೆ ಕಾಯಬೇಕೆಂದೇನೂ ಇಲ್ಲ. ಎರಡು ದಿನದ ಪಾಠಕ್ಕೆ ಬೇಕಾಗುವುದು ಸುಣ್ಣದ ಪುಡಿ, ಇಪ್ಪತ್ತು ಮೂವತ್ತು ಶಂಕು, ಉದ್ದನೆಯ ಟೇಪು, ಕೈಗವಸು-ಹೆಲ್ಮೆಟ್ಟುಗಳ ನಾಲ್ಕೈದು ಜೊತೆ.

ಕಲಿಸುವವರು ಯಾರು ಎಂಬುದೇ ಕಷ್ಟದ ಪ್ರಶ್ನೆಯೆಂದು ತೋರಬಹುದು. ನನಗೆ ಹಾಗನಿಸುವುದಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ ಸೈನ್ಯಕ್ಕೆ ಹೋಗುವುದು ಹಳೆಯ ಪದ್ಧತಿ. ಮರಾಠಾ ಲಘು ಪದಾತಿ ದಳದ ಕೇಂದ್ರವೇ ಬೆಳಗಾವಿಯಲ್ಲಿದೆ. ಸೈನ್ಯ ತನ್ನ ವಾಹನ ಚಾಲಕರನ್ನೂ, ಸಂದೇಶ ಒಯ್ಯುವ ಮೋಟಾರ್ ಸೈಕಲ್ ಸವಾರರನ್ನೂ ಕ್ರಮಬದ್ಧವಾಗಿ ತಯಾರು ಮಾಡುತ್ತದೆ. ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ ಊರಿಗೆ ಬಂದ ಇಂಥವರು ಚಿಕ್ಕೋಡಿ, ನಿಪ್ಪಾಣಿ ಕಡೆಯ ಹಳ್ಳಿಗಳಲ್ಲಿ ಸಿಗದೇ ಇರಲಾರರು. ಶಿಸ್ತು, ತಾಳ್ಮೆಯ ಜೊತೆಗೆ ಕನ್ನಡ, ಮರಾಠಿ ಎರಡರಲ್ಲೂ ಗದರಿಸಿ ಹೇಳುವ ಅಧಿಕಾರದ ದನಿ ಅವರಿಗಿದೆ. ಕಲಿಸುವ ವಿಧಾನವನ್ನು ಅವರಿಗೆ ಮೊದಲು ಕಲಿಸಬೇಕಾದೀತು. ಅದಕ್ಕೆ ಬೇಕಾದರೆ ಚೆನ್ನೈಯಿಂದಲೋ ಬೆಂಗಳೂರಿನಿಂದಲೋ ಒಬ್ಬರನ್ನು ಒಮ್ಮೆ ಕರೆಸಿದರೆ ಸಾಕು. ಐನೂರು ಸವಾರರು ಅಲ್ಲಿಗೆ ಹೋಗುವುದಕ್ಕಿಂತ ಅದು ಅಗ್ಗ.

ಹೆಣ್ಣುಮಕ್ಕಳ ವಿಷಯವನ್ನು ಇಲ್ಲಿಯೇ ಸೇರಿಸಬೇಕು. ಶಾಲೆ, ಬ್ಯಾಂಕು, ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಎಷ್ಟೋ ಮಂದಿ ಇಂದು ಸ್ಕೂಟರಿನಲ್ಲಿ ಹೋಗಿ ಬರುತ್ತಾರೆ. ಅವರ ಕಲಿಕೆ ಇನ್ನೂ ಅವಸರದ್ದು: ಅಪ್ಪ ಅಥವಾ ತಮ್ಮ ಎರಡು ಸಂಜೆ ಹಿಂದೆ ಓಡಿದ್ದು, ಅಷ್ಟೇ. ಸ್ಕೂಟರಿನ ಚಿಕ್ಕ ಚಕ್ರ ತಗ್ಗಿಗೆ ಬಿದ್ದರೆ ಬೇಗ ತಿರುಗುತ್ತದೆ. ಎರಡೂ ಬ್ರೇಕು ಕೈಯಲ್ಲಿಯೇ ಇರುವುದರಿಂದ ಗಾಬರಿಯಲ್ಲಿ ಕೈ ಬಿಗಿದಾಗ ಆಗುವ ಪರಿಣಾಮವೂ ಬೇರೆ. ಅವರಿಗೆ ಬೇರೆ ದಿನ, ಬೇರೆ ಅಂಗಳ ಗೊತ್ತು ಮಾಡಿದರೆ ಬರುವವರ ಸಂಖ್ಯೆ ಹುಡುಗರಿಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ಲೈಸೆನ್ಸಿನ ವಯಸ್ಸಾಗದ ಮಕ್ಕಳು ಇಲ್ಲಿಗೆ ಬರುವಂತಿಲ್ಲ. ಅವರ ಕೈಗೆ ಗಾಡಿ ಕೊಟ್ಟ ತಂದೆಗೆ 2019ರ ತಿದ್ದುಪಡಿಯ ಪ್ರಕಾರ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ ಇದೆ. ಆದರೂ ಕಾಲೇಜುಗಳ ಮುಂದೆ ಸಾಲಾಗಿ ನಿಂತ ಗಾಡಿಗಳನ್ನು ನೋಡಿದರೆ ಆ ಕಾನೂನನ್ನು ಯಾರೂ ಓದಿದಂತಿಲ್ಲ.

ಕೊನೆಗೆ ಉಳಿಯುವ ತೊಡಕು ಒಂದೇ, ಮತ್ತು ಅದು ಸಣ್ಣದಲ್ಲ. ಅಂಗಳದಲ್ಲಿ ಬ್ರೇಕ್ ಕಲಿಯುತ್ತ ಬಿದ್ದು ಯಾರಾದರೂ ಕೈ ಮುರಿದುಕೊಂಡರೆ ಹೊಣೆ ಯಾರದು? ಕಾರ್ಖಾನೆಯವರು ಜಾಗ ಕೊಡಲು ಹಿಂಜರಿಯುವುದು ಇದಕ್ಕೇ, ಕಾಲೇಜಿನವರು ಹಿಂಜರಿಯುವುದೂ ಇದಕ್ಕೇ. ತರಬೇತಿಗೆ ಬರುವವರ ಹೆಸರಿನಲ್ಲಿ ಎರಡು ದಿನದ ಅಪಘಾತ ವಿಮೆ ಇಳಿಸುವುದು, ಸಾರಿಗೆ ಕಚೇರಿ ಇಲ್ಲವೆ ಪೊಲೀಸ್ ಠಾಣೆಯ ಒಪ್ಪಿಗೆ ಪತ್ರ ಪಡೆಯುವುದು, ಆಂಬುಲೆನ್ಸ್ ಒಂದನ್ನು ಅಂಗಳದಲ್ಲಿ ನಿಲ್ಲಿಸುವುದು ಇವಕ್ಕೆಲ್ಲ ಹಣಕ್ಕಿಂತ ಹೆಚ್ಚಾಗಿ ಸಹಿ ಹಾಕುವ ಒಂದು ಕೈ ಬೇಕು. ಕಬ್ಬಿನ ಹಂಗಾಮು ಶುರುವಾಗುವ ಮೊದಲು, ಅಂಗಳ ಇನ್ನೂ ಖಾಲಿ ಇರುವಾಗ.